ಚಾಕುವಿಗೆ ಚರ್ಮದ ಒರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಚರ್ಮದ ಒರೆ ಹೊಲಿಯುವ ಮಾತು ಬಂದಾಗಲೆಲ್ಲ ಸುತ್ತಿ ಸುತ್ತಿ ಇವೇ ಪ್ರಶ್ನೆಗಳು ಬರುತ್ತವೆ. ಕೆಲವು ಎದುರಿಗೆ ಕೇಳಿದ್ದು, ಕೆಲವು ಬರೆದು ಕೇಳಿದ್ದು. ಆದಷ್ಟು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಎಲ್ಲವನ್ನೂ ಓದಬೇಕಿಲ್ಲ, ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ. ಜಾಸ್ತಿ ಜನ ಕೇಳುವುದು "ಬೇಗ ಮುಗಿಸೋದು ಹೇಗೆ" ಅಂತ. ನನ್ನ ಮಟ್ಟಿಗೆ ಹೆಚ್ಚು ಹೊತ್ತು ಹೋಗುವುದು ಹಿಂದಿನ ಹೆಜ್ಜೆಯಲ್ಲಿ ಮಾಡಿದ ತಪ್ಪನ್ನು ತಿದ್ದುವುದರಲ್ಲಿ. ಹಾಗಾಗಿ ಇಲ್ಲಿನ ಬಹಳಷ್ಟು ಉತ್ತರಗಳು ಆ ತಪ್ಪು ಆಗದಂತೆ ನೋಡಿಕೊಳ್ಳುವ ಬಗ್ಗೆಯೇ ಇವೆ.

## ಮೊದಲ ಒರೆ ಮಾಡುವವರಿಗೆ

ಯಾವ ಚರ್ಮ ತರಬೇಕು? ಮನೆಯಲ್ಲಿ ಹಳೇ ಜಾಕೆಟ್ ಇದೆ, ಅದು ಆಗಲ್ವಾ?

ಆಗುವುದಿಲ್ಲ. ಜಾಕೆಟ್, ಸೋಫಾ, ಹ್ಯಾಂಡ್‌ಬ್ಯಾಗಿನ ಚರ್ಮ ಹೆಚ್ಚಾಗಿ ಕ್ರೋಮ್ ಟ್ಯಾನ್, ಅಂದರೆ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು. ಅದು ಮೆತ್ತಗಿರುತ್ತದೆ, ಒದ್ದೆ ಮಾಡಿ ಒತ್ತಿದರೆ ಆಕಾರ ಹಿಡಿದು ನಿಲ್ಲುವುದಿಲ್ಲ. ಒಳಗೆ ಉಳಿದ ಲವಣದಿಂದ ಅಲಗಿಗೆ ತುಕ್ಕು ಹಿಡಿಯುವುದೂ ಉಂಟು.

ಒರೆಗೆ ಬೇಕಾದ್ದು ವೆಜ್ ಟ್ಯಾನ್. ಮರದ ತೊಗಟೆಯಂಥವುಗಳ ಒಗರಿನಲ್ಲಿ ಹದ ಮಾಡಿದ ಚರ್ಮ ಇದು. ನೀರು ಬಿದ್ದರೆ ತಕ್ಷಣ ಕಪ್ಪಗಾಗುತ್ತದೆ, ಮಣಿಯುತ್ತದೆ, ಒಣಗಿದ ಮೇಲೆ ಗಟ್ಟಿಯಾಗುತ್ತದೆ. ಸಾಮಾನ್ಯ ಚಾಕುವಿಗೆ 3ರಿಂದ 3.5 ಮಿ.ಮೀ. ದಪ್ಪ ಸರಿ. ಅಂಗೈಯಷ್ಟು ಉದ್ದದ ಸಣ್ಣ ಚಾಕುವಿಗೆ 2.5 ಮಿ.ಮೀ. ಸಾಕು. ಕೆಲವು ಕಡೆ ದಪ್ಪವನ್ನು ಔನ್ಸ್ ಲೆಕ್ಕದಲ್ಲಿ ಹೇಳುತ್ತಾರೆ. 1 ಔನ್ಸ್ ಅಂದರೆ ಸುಮಾರು 0.4 ಮಿ.ಮೀ., ಹಾಗಾಗಿ 8 ಔನ್ಸ್ ಕೇಳಿದರೆ 3.2 ಮಿ.ಮೀ. ಸಿಗುತ್ತದೆ. ಹೊಟ್ಟೆ ಭಾಗದ ಚರ್ಮ ಬೇಡ, ಎಳೆದರೆ ಹಿಗ್ಗುತ್ತದೆ. ಬೆನ್ನು ಅಥವಾ ಭುಜದ ಭಾಗ ಕೇಳಿ ತನ್ನಿ.

ಶುರು ಮಾಡೋಕೆ ಎಷ್ಟು ಸಾಮಾನು ಬೇಕು? ಪಟ್ಟಿ ನೋಡಿದರೆ ಭಯ ಆಗುತ್ತೆ.

ಪಟ್ಟಿಯಲ್ಲಿರುವ ಅರ್ಧ ಸಾಮಾನು ನಿಮಗೆ ಮೊದಲ ಹತ್ತು ಒರೆಗಳವರೆಗೆ ಬೇಕಾಗುವುದಿಲ್ಲ. ಚೆನ್ನಾಗಿ ಹರಿತವಾದ ಕಟರ್, ಸ್ಟೀಲ್ ಸ್ಕೇಲ್, ಜಾಮಿಟ್ರಿ ಬಾಕ್ಸಿನಲ್ಲಿ ಇರುವಂಥ ಡಿವೈಡರ್, ದಬ್ಬಳ ಅಥವಾ ಸಣ್ಣ ಡ್ರಿಲ್, ಮೊಂಡು ಮೊನೆಯ ಎರಡು ಸೂಜಿ, ಮೇಣ ಹಚ್ಚಿದ 1 ಮಿ.ಮೀ. ದಾರ, ಕಾಂಟ್ಯಾಕ್ಟ್ ಅಂಟು, ಮೂರು ನಾಲ್ಕು ತರದ ಸ್ಯಾಂಡ್‌ಪೇಪರ್, ಕಾಗದ ಹಿಡಿಯುವ ದೊಡ್ಡ ಕ್ಲಿಪ್‌ಗಳು. ಇಷ್ಟಿದ್ದರೆ ಕೆಲಸ ನಡೆಯುತ್ತದೆ.

ಕಾಸು ಉಳಿದರೆ ಮೊದಲು ಕೊಳ್ಳಬೇಕಾದ್ದು ಹೊಲಿಯುವಾಗ ಒರೆಯನ್ನು ಕಚ್ಚಿ ಹಿಡಿಯುವ ಮರದ ಇಕ್ಕಳ. ಎರಡು ಹಲಗೆ, ಒಂದು ಬೋಲ್ಟ್ ಇದ್ದರೆ ನೀವೇ ಮಾಡಿಕೊಳ್ಳಬಹುದು. ಅದನ್ನು ತೊಡೆಯ ನಡುವೆ ಇಟ್ಟುಕೊಂಡು ಕೂತರೆ ಎರಡೂ ಕೈ ಹೊಲಿಗೆಗೆ ಸಿಗುತ್ತವೆ. ನನ್ನ ಹೊಲಿಗೆಯ ವೇಗ ಇಷ್ಟು ಹೆಚ್ಚಿಸಿದ ಸಾಮಾನು ಬೇರೊಂದಿಲ್ಲ.

ಒಂದು ಒರೆಗೆ ಎಷ್ಟು ಹೊತ್ತು ಹಿಡಿಯುತ್ತೆ?

ಮೊದಲನೆಯದಕ್ಕೆ ಒಂದು ಇಡೀ ದಿನ ಇಟ್ಟುಕೊಳ್ಳಿ, ಒಣಗಲು ಇನ್ನೊಂದು ದಿನ. ಕೈ ಪಳಗಿದ ಮೇಲೆ ಸಾದಾ ಒರೆಗೆ ಮೂರು ಗಂಟೆಯ ಕೈಕೆಲಸ. ಒಣಗುವ ಹೊತ್ತು ಮಾತ್ರ ಎಷ್ಟು ಪಳಗಿದರೂ ಕಮ್ಮಿಯಾಗುವುದಿಲ್ಲ.

ಎರಡು ಪದರದ ನಡುವೆ ಇನ್ನೊಂದು ಪಟ್ಟಿ ಇಡ್ತಾರಲ್ಲ, ಅದನ್ನ ಬಿಟ್ಟರೆ ಏನಾಗುತ್ತೆ?

ಚಾಕು ನಿಮ್ಮ ಹೊಲಿಗೆಯನ್ನೇ ಕತ್ತರಿಸುತ್ತದೆ. ಆ ನಡುಪಟ್ಟಿಗೆ ವೆಲ್ಟ್ ಅಂತ ಹೆಸರು. ಅಲಗಿನ ಹರಿತ ಸದಾ ಬಂದು ತಾಗುವುದು ಅದಕ್ಕೆ. ಅದು ಇಲ್ಲದಿದ್ದರೆ ಪ್ರತಿ ಸಲ ಚಾಕು ಒಳಗೆ ಹಾಕುವಾಗ ಹರಿತ ದಾರಕ್ಕೆ ತಾಗುತ್ತದೆ. ದಾರ ತುಂಡಾಗುತ್ತದೆ, ಒಂದು ದಿನ ಅಲಗು ಹೊರಗೆ ಬಂದು ಕೈಗೋ ತೊಡೆಗೋ ಬೀಳುತ್ತದೆ.

ಬೇಗ ಮುಗಿಯಲಿ ಅಂತ ಏನನ್ನಾದರೂ ಬಿಡುವುದಿದ್ದರೆ ಚಿತ್ತಾರ ಬಿಡಿ, ಹೊಳಪು ಬಿಡಿ, ಇದನ್ನು ಮಾತ್ರ ಬಿಡಬೇಡಿ. ವೆಲ್ಟಿನ ದಪ್ಪ ಹೆಚ್ಚೂಕಮ್ಮಿ ಅಲಗಿನ ಬೆನ್ನಿನ ದಪ್ಪದಷ್ಟೇ ಇರಲಿ. ಬೆನ್ನು 3 ಮಿ.ಮೀ. ಇದ್ದರೆ ಅದೇ ಚರ್ಮದ ಒಂದು ಪದರ. 5 ಮಿ.ಮೀ. ದಾಟಿದರೆ ಎರಡು ಪದರ. ಅಗಲ 10ರಿಂದ 12 ಮಿ.ಮೀ. ಮುಖ್ಯ ಭಾಗಕ್ಕೆ ಬೇಡ ಅಂದೆನಲ್ಲ, ಆ ಹೊಟ್ಟೆ ಭಾಗದ ಚೂರುಗಳು ಇಲ್ಲಿ ಖರ್ಚಾಗುತ್ತವೆ.

## ಅಳತೆ ಮತ್ತು ಕತ್ತರಿಸುವುದು

ಚಾಕು ಇಟ್ಟು ಗೆರೆ ಎಳೆದು ಕತ್ತರಿಸಿದೆ, ಹೊಲಿದ ಮೇಲೆ ಚಾಕು ಒಳಗೇ ಹೋಗ್ತಿಲ್ಲ. ಎಲ್ಲಿ ತಪ್ಪಿತು?

ಚರ್ಮಕ್ಕೂ ದಪ್ಪ ಇದೆ ಅನ್ನುವುದು ಲೆಕ್ಕದಲ್ಲಿ ಬಿಟ್ಟುಹೋಗಿದೆ. ಕಾಗದ ಮಡಚಿದರೆ ಚಪ್ಪಟೆಯಾಗಿ ಕೂರುತ್ತದೆ. 3 ಮಿ.ಮೀ. ಚರ್ಮ ಹಾಗೆ ಕೂರುವುದಿಲ್ಲ, ಮಡಿಕೆಯಲ್ಲಿ ಒಂದಷ್ಟು ಜಾಗ ತಿನ್ನುತ್ತದೆ.

ನಾನು ಮಾಡುವುದು ಹೀಗೆ. ಗಟ್ಟಿ ಕಾಗದ ಅಥವಾ ತೆಳು ರಟ್ಟನ್ನು ಮಡಚುತ್ತೇನೆ. ಚಾಕುವಿನ ಬೆನ್ನನ್ನು ಮಡಿಕೆಗೆ ಒತ್ತದೆ, ಚರ್ಮದ ದಪ್ಪದಷ್ಟು ಜಾಗ ಬಿಟ್ಟು ಇಡುತ್ತೇನೆ. ಹರಿತದ ಕಡೆ ಗೆರೆ ಎಳೆದು ಅದರಾಚೆ 12 ಮಿ.ಮೀ. ಸೇರಿಸುತ್ತೇನೆ, ಅದು ವೆಲ್ಟ್ ಕೂರುವ ಜಾಗ. ಮೊನೆಯ ಮುಂದೆಯೂ ಅಷ್ಟೇ ಬಿಡಬೇಕು. ಹಿಡಿಯ ಅರ್ಧದಿಂದ ಮೂರರಲ್ಲಿ ಎರಡು ಭಾಗದವರೆಗೆ ಒರೆಯೊಳಗೆ ಬರುವಂತೆ ಮಾಡಿದರೆ ಗುಂಡಿ ಪಟ್ಟಿ ಇಲ್ಲದೆಯೂ ಚಾಕು ನಿಲ್ಲುತ್ತದೆ. ಹಿಡಿ ಅಲಗಿಗಿಂತ ದಪ್ಪ ಅಲ್ವಾ, ಅದಕ್ಕೇ ಬಾಯಿಯ ಹತ್ತಿರ ಕಾಗದವನ್ನು ಸ್ವಲ್ಪ ಅಗಲಕ್ಕೆ ಬಿಡುತ್ತೇನೆ. ಆಮೇಲೆ ರಟ್ಟಿನ ಒರೆಗೆ ಕ್ಲಿಪ್ ಹಾಕಿ ಚಾಕು ಒಳಗೆ ಹಾಕಿ, ತೆಗೆದು ನೋಡಿ. ರಟ್ಟು ಸಡಿಲವಾಗಿದೆ ಅನ್ನಿಸಿದರೆ ಚರ್ಮದಲ್ಲಿ ಸರಿಯಾಗುತ್ತದೆ. ರಟ್ಟೇ ಬಿಗಿಯಾಗಿದ್ದರೆ ಚರ್ಮ ಖಂಡಿತ ಬಿಗಿ.

ಮಡಚುವ ಒರೆ ಒಳ್ಳೆಯದೋ, ಎರಡು ತುಂಡಿನ ಒರೆ ಒಳ್ಳೆಯದೋ?

ಬೇಗ ಆಗಬೇಕಾದರೆ ಮಡಚುವುದು. ಹೊಲಿಗೆ ಒಂದೇ ಕಡೆ, ವೆಲ್ಟ್ ಒಂದೇ ಕಡೆ. ಬೆಲ್ಟ್ ಲೂಪನ್ನೂ ಅದೇ ತುಂಡಿನ ಮೇಲ್ಭಾಗ ಉದ್ದ ಬಿಟ್ಟು ಹಿಂದಕ್ಕೆ ಮಡಚಿ ಮಾಡಬಹುದು. ಎರಡೂ ಕಡೆ ಹರಿತ ಇರುವ ಚಾಕುವಿಗೆ, ಇಲ್ಲಾ ಬಹಳ ಅಗಲದ ಅಲಗಿಗೆ ಎರಡು ತುಂಡಿನದೇ ಬೇಕು.

ಎಡಗೈಯವರಿಗೆ ಬೇರೆ ಮಾದರಿ ಮಾಡಬೇಕಾ?

ಬೇಡ, ಅದೇ ರಟ್ಟನ್ನು ಮಗುಚಿ ಹಾಕಿ. ಆದರೆ ರಟ್ಟಿನ ಎರಡೂ ಮುಖದ ಮೇಲೆ "ಬಲಗೈ", "ಎಡಗೈ" ಅಂತ ಬರೆದಿಡಿ. ಚರ್ಮಕ್ಕೆ ಒಂದು ನುಣುಪು ಬದಿ, ಒಂದು ಒರಟು ಬದಿ. ಒರಟು ಬದಿಯ ಮೇಲೆ ರಟ್ಟಿಟ್ಟು ಗೆರೆ ಎಳೆದರೆ ಎಲ್ಲ ತಿರುಗುಮುರುಗು. ಒಂದು ಒಳ್ಳೆ ತುಂಡನ್ನು ನಾನು ಹೀಗೇ ಕಳೆದುಕೊಂಡೆ. ಬಲಗೈಯವರಿಗೆ ಅಂತ ಕತ್ತರಿಸಿದ್ದು ಎಡಗೈ ಒರೆಯಾಗಿತ್ತು. ಅವತ್ತಿನಿಂದ ಬರೆಯದೆ ರಟ್ಟು ಇಡುವುದಿಲ್ಲ.

ಕತ್ತರಿಸಿದ ಅಂಚು ಅಂಕುಡೊಂಕು ಆಗುತ್ತೆ, ಏನು ಮಾಡಲಿ?

ಒಂದೇ ಏಟಿಗೆ ಕತ್ತರಿಸಲು ಹೋಗಬೇಡಿ. ಮೊದಲ ಸಲ ಗೆರೆಯ ಮೇಲೆ ಹಗುರವಾಗಿ ಎಳೆಯಿರಿ, ಆ ಜಾಡಿನಲ್ಲೇ ಎರಡು ಮೂರು ಸಲ ಎಳೆದರೆ ಸಾಕು. ತಿರುವು ಇದ್ದಲ್ಲಿ ಕಟರನ್ನು ತಿರುಗಿಸುವುದಕ್ಕಿಂತ ಚರ್ಮ ತಿರುಗಿಸುವುದು ಸುಲಭ. ಕೈ ಭಾರ ಬಿಡಬೇಕಾಗಿ ಬಂದರೆ ಬ್ಲೇಡು ಮೊಂಡಾಗಿದೆ ಅಂತ ಅರ್ಥ, ಬದಲಿಸಿ.

## ಅಂಟು ಮತ್ತು ಹೊಲಿಗೆ

ಯಾವುದು ಮೊದಲು, ಯಾವುದು ಆಮೇಲೆ? ಪ್ರತಿ ಸಲ ಗೊಂದಲ.

ನನ್ನ ಸರದಿ ಇದು. ಕತ್ತರಿಸುವುದು. ಒರೆಯ ಬಾಯಿಯ ಅಂಚನ್ನು ಉಜ್ಜಿ ನುಣುಪು ಮಾಡುವುದು. ಬೆಲ್ಟ್ ಲೂಪ್ ಹೊಲಿಯುವುದು. ವೆಲ್ಟ್ ಅಂಟಿಸುವುದು. ಮುಚ್ಚಿ ಅಂಟಿಸುವುದು. ಮೂರೂ ಪದರದ ಅಂಚನ್ನು ಒಂದೇ ಮಟ್ಟಕ್ಕೆ ಉಜ್ಜುವುದು. ಹೊಲಿಗೆ ಗೆರೆ, ತೂತು, ಹೊಲಿಗೆ. ನೀರಿನಲ್ಲಿ ಆಕಾರ ಕೊಡುವುದು. ಒಣಗಿಸುವುದು. ಬಣ್ಣ. ಅಂಚಿನ ಹೊಳಪು. ಕೊನೆಗೆ ಎಣ್ಣೆ ಅಥವಾ ಮೇಣ.

ಇದರಲ್ಲಿ ಎರಡನ್ನು ಮರೆತರೆ ತಲೆನೋವು. ಬಾಯಿಯ ಅಂಚು ಮತ್ತು ಬೆಲ್ಟ್ ಲೂಪಿನ ಹೊಲಿಗೆ ಎರಡೂ ಒರೆ ಮುಚ್ಚುವ ಮೊದಲೇ ಆಗಬೇಕು, ಮುಚ್ಚಿದ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ. ಇನ್ನೊಂದು ಮಾತು: ಬಿಳಿ ದಾರ ಬಿಳಿಯಾಗೇ ಕಾಣಬೇಕು ಅಂದರೆ ಬಣ್ಣವನ್ನು ಹೊಲಿಗೆಗಿಂತ ಮೊದಲೇ ಹಾಕಬೇಕು.

ಅಂಟು ಬಿಟ್ಟುಕೊಳ್ಳುತ್ತೆ. ಅಂಟು ಬದಲಿಸಬೇಕಾ?

ಸಾಮಾನ್ಯವಾಗಿ ಅಂಟಿನದ್ದು ತಪ್ಪಿರುವುದಿಲ್ಲ. ನುಣುಪು ಬದಿಗೆ ಅಂಟು ಹಿಡಿಯುವುದಿಲ್ಲ, ಅಲ್ಲಿ ಮೊದಲು ಸ್ಯಾಂಡ್‌ಪೇಪರಿನಿಂದ ಒರಟು ಮಾಡಬೇಕು. ಕಾಂಟ್ಯಾಕ್ಟ್ ಅಂಟನ್ನು ಎರಡೂ ಮುಖಕ್ಕೆ ತೆಳ್ಳಗೆ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಡಿ. ಹೆಚ್ಚಾಗಿ 10ರಿಂದ 15 ನಿಮಿಷ. ಬೆರಳು ತಾಗಿಸಿದರೆ ಮೆತ್ತಿಕೊಳ್ಳಬಾರದು, ಆಗ ಸೇರಿಸಿ ಗಟ್ಟಿಯಾಗಿ ಒತ್ತಬೇಕು. ಒಮ್ಮೆ ಸೇರಿದರೆ ಸರಿಸಲು ಬರುವುದಿಲ್ಲ, ಅದಕ್ಕೇ ಮೊದಲು ಮೊನೆಯ ಕಡೆ ಹೊಂದಿಸಿ ಆಮೇಲೆ ಬಾಯಿಯ ಕಡೆಗೆ ಒತ್ತುತ್ತಾ ಬನ್ನಿ. ಅಲಗು ಓಡಾಡುವ ಜಾಗಕ್ಕೆ ಅಂಟು ಹೋಗದಿರಲಿ. ಕಿಟಕಿ ತೆರೆದಿಡಿ, ಆ ವಾಸನೆ ಒಳ್ಳೆಯದಲ್ಲ.

ಮನೆಯ ಹೊಲಿಗೆ ಮಿಷನ್ನಲ್ಲಿ ಹೊಲಿದರೆ ಬೇಗ ಆಗಲ್ವಾ?

ಮನೆಯ ಮಿಷನ್ 9 ಮಿ.ಮೀ. ದಪ್ಪ ದಾಟುವುದಿಲ್ಲ, ಸೂಜಿ ಮುರಿಯುತ್ತದೆ. ಚರ್ಮಕ್ಕೆಂದೇ ಇರುವ ಭಾರದ ಮಿಷನ್ ಇದ್ದರೆ ಆಗುತ್ತದೆ. ಆದರೂ ನನಗೆ ಕೈಹೊಲಿಗೆಯ ಮೇಲೇ ನಂಬಿಕೆ. ಮಿಷನ್ ಹೊಲಿಗೆಯಲ್ಲಿ ಮೇಲಿನ ದಾರ, ಕೆಳಗಿನ ದಾರ ನಡುವೆ ಕೊಂಡಿ ಹಾಕಿಕೊಂಡಿರುತ್ತವೆ, ಒಂದು ಸವೆದು ತುಂಡಾದರೆ ಅಕ್ಕಪಕ್ಕದ ಹೊಲಿಗೆಯೂ ಸಡಿಲವಾಗುತ್ತದೆ. ಎರಡು ಸೂಜಿಯ ಕೈಹೊಲಿಗೆಯಲ್ಲಿ ಒಂದೇ ದಾರದ ಎರಡು ತುದಿಗಳು ಪ್ರತಿ ತೂತಿನಲ್ಲೂ ಎದುರುಬದುರಾಗಿ ಹಾದುಹೋಗುತ್ತವೆ. ಒಂದು ಕಡೆ ತುಂಡಾದರೂ ಇನ್ನೊಂದು ಕಡೆಯದು ಹಿಡಿದಿರುತ್ತದೆ.

ಹೊಲಿಗೆಯ ನಾಲ್ಕು ಪಟ್ಟು ದಾರ ಸಾಕು ಅಂತಾರೆ, ನನಗೆ ಯಾವಾಗಲೂ ಅರ್ಧದಲ್ಲೇ ಮುಗಿಯುತ್ತೆ!

ಆ ಲೆಕ್ಕ ಪರ್ಸಿನಂಥ ತೆಳು ಕೆಲಸಕ್ಕೆ. ಒರೆಗೆ ಸಾಲುವುದಿಲ್ಲ. ಸುಮ್ನೆ ಕೂತು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ತೂತಿಂದ ತೂತಿಗೆ 4 ಮಿ.ಮೀ., ಮೂರು ಪದರ ಸೇರಿ ದಪ್ಪ 9 ಮಿ.ಮೀ. ಅಂದುಕೊಳ್ಳಿ. ಪ್ರತಿ ಹೊಲಿಗೆಗೆ ಒಂದು ಸೂಜಿ 4 ಮಿ.ಮೀ. ಮುಂದೆ ಹೋಗಬೇಕು, 9 ಮಿ.ಮೀ. ಆಚೆಗೆ ದಾಟಬೇಕು, ಒಟ್ಟು 13. ಎರಡು ಸೂಜಿಗೆ 26. ಅಂದರೆ 4 ಮಿ.ಮೀ. ಹೊಲಿಗೆಗೆ 26 ಮಿ.ಮೀ. ದಾರ, ಆರೂವರೆ ಪಟ್ಟು! 20 ಸೆಂ.ಮೀ. ಹೊಲಿಗೆಗೆ 130 ಸೆಂ.ಮೀ. ಆಯಿತು. ಸೂಜಿಗೆ ಪೋಣಿಸಲು, ಕೊನೆಯಲ್ಲಿ ಹಿಂದಕ್ಕೆ ಹೊಲಿಯಲು ಇನ್ನೊಂದು 40 ಸೆಂ.ಮೀ. ಸೇರಿಸಿ.

ತೂತಿನ ಅಂತರ 5 ಮಿ.ಮೀ. ಮಾಡಿದರೆ ಅದೇ ಉದ್ದಕ್ಕೆ 50ರ ಬದಲು 40 ಹೊಲಿಗೆ. ದಾರವೂ ಕಮ್ಮಿ, ಹೊತ್ತೂ ಕಮ್ಮಿ. ದಪ್ಪ ಒರೆಗೆ 5 ಮಿ.ಮೀ. ನೋಡಲೂ ಚೆನ್ನಾಗಿರುತ್ತದೆ. ಒತ್ತೊತ್ತಾಗಿ ಹೊಲಿದರೆ ಜಾಸ್ತಿ ಗಟ್ಟಿ ಅನ್ನುವುದು ತಪ್ಪು ಕಲ್ಪನೆ, ತೂತು ತೀರಾ ಹತ್ತಿರವಾದರೆ ಚರ್ಮವೇ ಹರಿಯುತ್ತದೆ.

ತೂತು ದಬ್ಬಳದಲ್ಲಿ ಚುಚ್ಚಲೋ, ಡ್ರಿಲ್ ಮಾಡಲೋ? ಡ್ರಿಲ್ ಮಾಡಿದರೆ ಮೋಸ ಅಂತಾರೆ.

ಮೋಸವೇನೂ ಇಲ್ಲ. ದಬ್ಬಳ ಚರ್ಮವನ್ನು ಸೀಳಿ ದಾರಿ ಮಾಡುತ್ತದೆ, ಆಮೇಲೆ ಚರ್ಮ ದಾರದ ಸುತ್ತ ಮುಚ್ಚಿಕೊಳ್ಳುತ್ತದೆ. ಡ್ರಿಲ್ ಚರ್ಮವನ್ನು ತೆಗೆದೇ ಬಿಡುತ್ತದೆ, ತೂತು ತೂತಾಗೇ ಉಳಿಯುತ್ತದೆ. ಚಂದ ದಬ್ಬಳದ್ದು, ವೇಗ ಡ್ರಿಲ್‌ನದ್ದು. 9 ಮಿ.ಮೀ. ದಪ್ಪಕ್ಕೆ 50 ಸಲ ದಬ್ಬಳ ನೇರವಾಗಿ ಇಳಿಸಲು ಅಭ್ಯಾಸ ಬೇಕು. ಸ್ವಲ್ಪ ಓರೆಯಾದರೂ ಹಿಂಬದಿಯ ಹೊಲಿಗೆ ಹಾವಿನಂತೆ ಓಡುತ್ತದೆ.

1 ಮಿ.ಮೀ. ದಾರಕ್ಕೆ 1.5 ಮಿ.ಮೀ. ಬಿಟ್ ಸರಿ. ನಿಲ್ಲಿಸಿದ ಡ್ರಿಲ್ ಯಂತ್ರ ಇದ್ದರೆ ತೂತು ತಾನಾಗೇ ನೇರ ಬರುತ್ತದೆ. ಕೈಡ್ರಿಲ್ ಆದರೆ ಕೆಳಗೆ ಮರದ ತುಂಡು ಇಟ್ಟು, ಒಬ್ಬರು ಬದಿಯಿಂದ ನೋಡುತ್ತಿದ್ದರೆ ಒಳ್ಳೆಯದು. ಗೆರೆಯನ್ನು ಅಂಚಿನಿಂದ 4ರಿಂದ 5 ಮಿ.ಮೀ. ಒಳಗೆ ಡಿವೈಡರಿನಲ್ಲಿ ಎಳೆದು, ಎಲ್ಲ ತೂತಿನ ಗುರುತನ್ನೂ ಮೊದಲೇ ಹಾಕಿಕೊಳ್ಳಿ. ಒಂದೊಂದಾಗಿ ಅಳೆದು ಕೊರೆಯುವುದರಲ್ಲಿ ಬಹಳ ಹೊತ್ತು ಹೋಗುತ್ತದೆ.

ಹೊಲಿಗೆ ಒಂದು ಕಡೆ ಓರೆ, ಒಂದು ಕಡೆ ನೇರ ಬರುತ್ತೆ.

ಪ್ರತಿ ತೂತಿನಲ್ಲೂ ಒಂದೇ ಕ್ರಮ ಇರಬೇಕು. ಯಾವ ಕಡೆಯ ಸೂಜಿ ಮೊದಲು, ಎರಡನೆಯದು ಮೊದಲ ದಾರದ ಮೇಲೋ ಕೆಳಗೋ, ಎಳೆಯುವ ಬಲ ಎಷ್ಟು, ಎಲ್ಲ ಕೊನೆವರೆಗೂ ಒಂದೇ ತರ. ನಡುವೆ ಎದ್ದು ಹೋಗಿ ಬಂದರೆ ಹಿಂದಿನ ಎರಡು ಹೊಲಿಗೆ ನೋಡಿಕೊಂಡು ಮುಂದುವರಿಸಿ. ಕೊನೆಯಲ್ಲಿ ಮೂರು ತೂತು ಹಿಂದಕ್ಕೆ ಹೊಲಿದು ಕತ್ತರಿಸಿ. ಪಾಲಿಯೆಸ್ಟರ್ ದಾರವಾದರೆ ತುದಿಯನ್ನು ಬೆಂಕಿ ತಾಗಿಸಿ ಕರಗಿಸಬಹುದು. ಲಿನನ್ ದಾರ ಕರಗುವುದಿಲ್ಲ, ಸುಡುತ್ತದೆ.

## ಆಕಾರ, ಬಣ್ಣ, ಅಂಚು

ನೀರಲ್ಲಿ ನೆನೆಸಿ ಆಕಾರ ಕೊಡೋದು ಸರಿಯಾಗಿ ಹೇಳಿ. ಎಷ್ಟು ಹೊತ್ತು ನೆನೆಸಬೇಕು?

ಉಗುರುಬೆಚ್ಚಗಿನ ನೀರಿನಲ್ಲಿ ಒಂದು ನಿಮಿಷದ ಆಸುಪಾಸು. ಗುಳ್ಳೆ ಬರುವುದು ಕಮ್ಮಿಯಾದರೆ ತೆಗೆಯಿರಿ. ತಕ್ಷಣ ಒತ್ತಬೇಡಿ. ಮೇಲ್ಮೈಯ ನೀರು ಒಳಗೆ ಇಳಿದು ಬಣ್ಣ ಮತ್ತೆ ತಿಳಿಯಾಗಲು ಶುರುವಾದಾಗ ಸರಿಯಾದ ಹದ. ಅಷ್ಟರೊಳಗೆ ಚಾಕುವಿಗೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಎರಡು ಸುತ್ತು ಸುತ್ತಿ. ಒಳಗೆ ಹಾಕಿ, ಹಿಡಿ ಮತ್ತು ಅಲಗು ಸೇರುವ ಜಾಗದಲ್ಲಿ ಹೆಬ್ಬೆರಳಿನಿಂದ, ಚಮಚದ ಹಿಂಬದಿಯಿಂದ ಒತ್ತಿ. ಉಗುರು ತಾಗಿದರೆ ಆ ಗುರುತು ಹೋಗುವುದೇ ಇಲ್ಲ. ಹರಿತದ ಕಡೆ ಬೆರಳು ಬಳಸಿ ಹಿಡಿದು ಅಮುಕಬೇಡಿ.

ಆಕಾರ ನಿಂತ ಮೇಲೆ, ಸುಮಾರು ಒಂದು ಗಂಟೆಗೆ, ಚಾಕು ತೆಗೆದು ಒರೆಯನ್ನು ನೆರಳಲ್ಲಿ ಒಂದು ದಿನ ಒಣಗಿಸಿ. ಬೇಗ ಆಗಲಿ ಅಂತ ಓವನ್ನಿಗೆ ಇಟ್ಟವರನ್ನು ನೋಡಿದ್ದೇನೆ. ಒದ್ದೆ ಚರ್ಮಕ್ಕೆ ಜಾಸ್ತಿ ಶಾಖ ತಾಗಿದರೆ ಕುಗ್ಗಿ ಸೆಟೆದುಕೊಳ್ಳುತ್ತದೆ, ಮತ್ತೆ ನೆನೆಸಿದರೂ ಸರಿಹೋಗುವುದಿಲ್ಲ. ಫ್ಯಾನಿನ ಗಾಳಿ ಸಾಕು.

ಒದ್ದೆ ಚರ್ಮದ ಮೇಲೆ ನೀಲಿ ಕಪ್ಪು ಕಲೆ ಬಂತು. ಬೂಷ್ಟಾ?

ಬೂಷ್ಟಲ್ಲ, ಕಬ್ಬಿಣ. ವೆಜ್ ಟ್ಯಾನ್ ಚರ್ಮದ ಒಗರು ಕಬ್ಬಿಣದ ಜೊತೆ ಸೇರಿದರೆ ಕಪ್ಪಾಗುತ್ತದೆ. ಹಳೇ ಕಾಲದ ಮಸಿ ಮಾಡುತ್ತಿದ್ದದ್ದೂ ಇದೇ ದಾರಿಯಲ್ಲಿ. ಉಕ್ಕಿನ ಪುಡಿ ಬಿದ್ದ ಮೇಜು, ಕಬ್ಬಿಣದ ಕ್ಲಿಪ್, ಪ್ಲಾಸ್ಟಿಕ್ ಸುತ್ತದ ಅಲಗು, ಯಾವುದರಿಂದಲೂ ಬರಬಹುದು. ನಿಂಬೆರಸ ಹಚ್ಚಿದರೆ ಎಷ್ಟೋ ತಿಳಿಯಾಗುತ್ತದೆ, ಆಮೇಲೆ ನೀರಿನಲ್ಲಿ ಒರೆಸಿ. ಕೆಲವರು ಇದೇ ಗುಣವನ್ನು ಬೇಕಂತಲೇ ಬಳಸಿ, ವಿನೆಗರಿನಲ್ಲಿ ಉಕ್ಕಿನ ನಾರು ಕರಗಿಸಿ ಚರ್ಮಕ್ಕೆ ಕಪ್ಪು ಬಣ್ಣ ಕೊಡುತ್ತಾರೆ.

ಅಂಚು ಗಾಜಿನ ತರ ಹೊಳೆಯೋ ಹಾಗೆ ಹೇಗೆ ಮಾಡ್ತಾರೆ?

ಹೊಳಪು ಬರುವುದು ಉಜ್ಜುವುದರಿಂದ. ಮೇಣ ಕೊನೆಯ ಮಾತು. 120ರ ಸ್ಯಾಂಡ್‌ಪೇಪರಿನಿಂದ ಮೂರೂ ಪದರ ಒಂದೇ ಮಟ್ಟಕ್ಕೆ ಬರಬೇಕು, ಅಂಟಿನ ಗೆರೆ ಕಾಣಬಾರದು. ಆಮೇಲೆ 220, 400, 600. ಚೂಪು ಮೂಲೆಯನ್ನು ಬೆವೆಲರಿನಿಂದ ಇಲ್ಲಾ ಸ್ಯಾಂಡ್‌ಪೇಪರಿನಿಂದಲೇ ಉರುಟು ಮಾಡಿ. ಅಂಚಿಗೆ ಬಣ್ಣ ಹಾಕುವುದಿದ್ದರೆ ಈಗ. ಸ್ವಲ್ಪ ನೀರು ಸವರಿ ಒರಟು ಬಟ್ಟೆಯಿಂದಲೋ ನುಣುಪಾದ ಮರದ ತುಂಡಿನಿಂದಲೋ ಬಿಸಿಯಾಗುವವರೆಗೆ ಉಜ್ಜಿ, ಕೊನೆಗೆ ಜೇನುಮೇಣ. 120ರಲ್ಲಿ ಬಿಟ್ಟ ಗೀರು 600ರಲ್ಲಿ ಹೋಗುವುದಿಲ್ಲ. ಅವಸರವಿದ್ದರೂ ಮೊದಲ ಕಾಗದಕ್ಕೆ ಹೊತ್ತು ಕೊಡಿ.

ಎಣ್ಣೆ ಎಷ್ಟು ಹಚ್ಚಬೇಕು?

ತೆಳ್ಳಗೆ ಒಂದು ಕೈ, ಅಷ್ಟೇ. ಜಾಸ್ತಿ ಕುಡಿಸಿದರೆ ಒರೆ ಮೆತ್ತಗಾಗಿ ಚಾಕು ಹಿಡಿಯುವುದಿಲ್ಲ.

## ಕೈ ಪಳಗಿದವರಿಗೆ

ಐದಾರು ಒರೆ ಒಟ್ಟಿಗೆ ಮಾಡಬೇಕು. ಒಂದೊಂದೇ ಮುಗಿಸಲೋ, ಎಲ್ಲ ಸೇರಿಸಿ ಮಾಡಲೋ?

ಸೇರಿಸಿ, ಆದರೆ ಹೊಲಿಗೆ ಬಿಟ್ಟು. ಕತ್ತರಿಸುವುದು, ಅಂಟು, ತೂತು, ಬಣ್ಣ, ಇವೆಲ್ಲ ಗುಂಪಿನಲ್ಲಿ ಬೇಗ ಆಗುತ್ತವೆ. ಒಂದಕ್ಕೆ ಅಂಟು ಹಚ್ಚಿ ಕಾಯುವ ಹೊತ್ತಿನಲ್ಲಿ ಉಳಿದ ನಾಲ್ಕಕ್ಕೂ ಹಚ್ಚಿ ಮುಗಿಯುತ್ತದೆ. ಐದನೆಯದು ಮುಗಿಸುವಾಗ ಮೊದಲನೆಯದು ಒತ್ತಲು ಸಿದ್ಧ. ಹೊಲಿಗೆಯನ್ನು ಮಾತ್ರ ನಾನು ದಿನಕ್ಕೆ ಎರಡಕ್ಕಿಂತ ಹೆಚ್ಚು ಮಾಡುವುದಿಲ್ಲ. ಬೆರಳು ದಣಿದರೆ ಎಳೆಯುವ ಬಲ ತಪ್ಪುತ್ತದೆ, ಅದು ಹೊಲಿಗೆಯಲ್ಲಿ ಕಣ್ಣಿಗೆ ಹೊಡೆಯುತ್ತದೆ. ಸಂಜೆ ಹೊಲಿದು ಮುಗಿಸಿ, ನೆನೆಸಿ, ಆಕಾರ ಕೊಟ್ಟು ಮಲಗಿದರೆ ಒಣಗುವ ಹೊತ್ತು ರಾತ್ರಿಯಲ್ಲೇ ಕಳೆಯುತ್ತದೆ. ಒಂದೇ ಮಾದರಿಯನ್ನು ಮತ್ತೆ ಮತ್ತೆ ಮಾಡುವುದಿದ್ದರೆ ರಟ್ಟಿನ ಬದಲು ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಮಾದರಿ ಕತ್ತರಿಸಿ, ಹೊಲಿಗೆಯ ತೂತುಗಳನ್ನೂ ಅದರಲ್ಲೇ ಕೊರೆದಿಡಿ.

ಗುಂಡಿ ಪಟ್ಟಿ ಹಾಕಿದೆ, ಚಾಕು ತೆಗೆಯುವಾಗ ಪಟ್ಟಿಯೇ ಕತ್ತರಿಸಿಹೋಯ್ತು.

ಪಟ್ಟಿ ಹರಿತದ ದಾರಿಯಲ್ಲಿದೆ. ಬಿಚ್ಚಿದ ಪಟ್ಟಿ ಬೆನ್ನಿನ ಕಡೆಗೆ ಬೀಳಬೇಕು, ಅಂದರೆ ಅದರ ಬುಡ ಬೆನ್ನಿನ ಕಡೆಯೇ ಇರಬೇಕು. ಗುಂಡಿ ಕೂರಿಸುವ ಮೊದಲು ಪಟ್ಟಿಯನ್ನು ಒದ್ದೆ ಮಾಡಿ ಹಿಡಿಗೆ ಸುತ್ತಿ ಒಣಗಿಸಿ, ಆಮೇಲೆ ಗುರುತು ಹಾಕಿದರೆ ಅಳತೆ ತಪ್ಪುವುದಿಲ್ಲ.

ಚಾಕುವನ್ನ ಒರೆಯಲ್ಲೇ ಇಟ್ಟುಬಿಡಬಹುದಾ?

ಕೆಲಸದ ಹೊತ್ತಿಗೆ ಒರೆ, ತಿಂಗಳುಗಟ್ಟಲೆ ಇಡುವುದಿದ್ದರೆ ಹೊರಗೆ. ಚರ್ಮ ತೇವ ಎಳೆದುಕೊಳ್ಳುತ್ತದೆ, ಅದರಲ್ಲಿ ಒಗರಿನ ಹುಳಿಯೂ ಇದೆ. ಕಾರ್ಬನ್ ಉಕ್ಕಿನ ಅಲಗಿಗೆ ತುಕ್ಕು, ಹಿತ್ತಾಳೆಯ ಭಾಗಗಳಿಗೆ ಹಸಿರು ಕಿಲುಬು. ಮಳೆಯಲ್ಲಿ ತಿರುಗುವವರ ಒರೆಗೆ ಮೊನೆಯ ಹತ್ತಿರ ಒಂದು ಸಣ್ಣ ತೂತು ಬಿಟ್ಟರೆ ನೀರು ಇಳಿದುಹೋಗುತ್ತದೆ.

ಎರಡು ವರ್ಷದ ಒರೆ ಸಡಿಲವಾಗಿದೆ. ಬಿಸಾಡಲಾ?

ಬೇಡ. ಬಾಯಿಯ ಭಾಗವನ್ನು ಮಾತ್ರ ನೀರಿನಲ್ಲಿ ನೆನೆಸಿ, ಪ್ಲಾಸ್ಟಿಕ್ ಸುತ್ತಿದ ಚಾಕು ಹಾಕಿ ಮತ್ತೆ ಒತ್ತಿ ಒಣಗಿಸಿ. ಎಣ್ಣೆ ಬಹಳ ಕುಡಿದ ಒರೆ ಅಷ್ಟು ಚೆನ್ನಾಗಿ ಬಿಗಿಯಾಗುವುದಿಲ್ಲ. ಆಗ ಬಾಯಿಯ ಒಳಗೆ, ಹಿಡಿ ಕೂರುವಲ್ಲಿ, 1 ಮಿ.ಮೀ. ಚರ್ಮದ ಚೂರು ಅಂಟಿಸಿ. ಒಣಗಿದ ಮೇಲೆ ಕೆಳಗೆ ಮೆತ್ತನೆಯ ಬಟ್ಟೆ ಹಾಸಿ, ಒರೆಯನ್ನು ತಲೆಕೆಳಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಿ ನೋಡಿ. ಚಾಕು ಜಾರದಿದ್ದರೆ ಸರಿ. ಜಾರಿದರೆ ಇನ್ನೊಂದು ಚೂರು.